ಅಜ್ಜನ ಗೇಜಿಗೆ ಮೂರು ಮೊನೆ ಏಕೆ?

ನಮಸ್ಕಾರ. ಶಿರಸಿಯಿಂದ ನೀವು ಕಳಿಸಿದ ‘ಅಜ್ಜನ ಹತ್ಯಾರಿನ ಪೆಟ್ಟಿಗೆ’ ಬರಹ ಓದಿದೆ. ಭಾಷೆ ತಿಳಿಯಾಗಿದೆ, ಜಗಲಿಯ ವರ್ಣನೆ ಚೆನ್ನಾಗಿದೆ. ಆದರೆ ಬಾಗಿಲಿಗೆ ಬಿಜಾಗ್ರಿ ಕೂರಿಸುವ ಕಡೆ ಬರುವ ಎರಡು ವಾಕ್ಯಗಳು ನನ್ನನ್ನು ಕೆಣಕಿವೆ. ಅವೆರಡರ ಬಗ್ಗೆಯೇ ಬರೆಯುತ್ತೇನೆ.

“ಅಜ್ಜ ಕಣ್ಣಂದಾಜಿನಲ್ಲೇ ಆಳ ಕೆತ್ತುತ್ತಿದ್ದರು.” ಬಿಜಾಗ್ರಿಯ ಪಟ್ಟಿ ಮರದ ಮಟ್ಟಕ್ಕೆ ಕೂರಲೆಂದು ಕೆತ್ತುವ ಗೂಡಿನ ಆಳ ಇದು. ಅದನ್ನು ಕಣ್ಣಂದಾಜಿನಲ್ಲಿ ಕೆತ್ತುತ್ತಿದ್ದರು ಎಂದರೆ ನಾನು ನಂಬುವುದಿಲ್ಲ. ಸಾಕ್ಷಿ ನಿಮ್ಮ ಬರಹದಲ್ಲೇ ಇದೆ. ಪೆಟ್ಟಿಗೆಯಲ್ಲಿದ್ದ ‘ಸ್ಟ್ಯಾನ್ಲಿ 95’ ಎಂಬ ಅಚ್ಚಿನ ಗೇಜನ್ನು “ಯಾತಕ್ಕೆಂದು ತಿಳಿಯದ ಚಂದದ ವಸ್ತು” ಎಂದು ದಾಟಿಬಿಟ್ಟಿದ್ದೀರಿ. ಅದು ಬಿಜಾಗ್ರಿಗೆಂದೇ ಮಾಡಿದ ಗೀರುಗೇಜು, ಅಂದರೆ ಮರದ ಮೇಲೆ ಅಳತೆಯ ಗೀರು ಎಳೆಯುವ ಸಾಧನ. ಎರಡು ಸರಳು, ಮೂರು ಮೊನೆ. ಒಂದು ಸರಳಿನ ಹೊರತುದಿಯ ಮೊನೆಯನ್ನು ಬಾಗಿಲಿನ ಅಂಚಿಗೆ ಹೊಂದಿಸಿದರೆ, ಅದೇ ಸರಳಿನ ಒಳತುದಿಯ ಮೊನೆ ದಾರಂದಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಇನ್ನೊಂದು ಸರಳಿನ ಮೊನೆ ಬಿಜಾಗ್ರಿ ಪಟ್ಟಿಯ ದಪ್ಪಕ್ಕೆ, ಅಂದರೆ ನೀವು ‘ಅಂದಾಜು’ ಎಂದ ಆ ಆಳಕ್ಕೇ ಇರುವುದು.

ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯರು ‘ಅಂದಾಜು’, ‘ಕೈಚಳಕ’ಗಳ ಕೆಳಗೆ ಗೆರೆ ಎಳೆದು ‘ಹೇಗೆ?’ ಎಂದು ಬರೆಯುತ್ತಿದ್ದರು. ನಾನೂ ಅದನ್ನೇ ಕೇಳುತ್ತಿದ್ದೇನೆ.

ಆಳ ಏಕೆ ಮುಖ್ಯ ಎಂದು ನೀವು ಹೇಳಲೇಬೇಕು. ಬಾಗಿಲು, ದಾರಂದ ಎರಡೂ ಕಡೆ 1 ಮಿ.ಮೀ. ಹೆಚ್ಚು ಕೆತ್ತಿದರೆ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಅದರ ಅಂಚು ದಾರಂದಕ್ಕೆ ತಾಗುತ್ತದೆ. ಒತ್ತಿದರೆ ಹಿಂದಕ್ಕೆ ಪುಟಿಯುತ್ತದೆ. ಹಾಗೇ ಒತ್ತುತ್ತಿದ್ದರೆ ಸ್ಕ್ರೂಗಳು ಕಿತ್ತು ಬರುತ್ತವೆ. ಪಟ್ಟಿಯಡಿ ತೆಳು ರಟ್ಟಿನ ತುಂಡು ಕೊಟ್ಟು ಸರಿಮಾಡಬಹುದು. ಕಡಿಮೆ ಕೆತ್ತಿದರೆ ಬಿಜಾಗ್ರಿ ಕಡೆ ಸಂದು ಬಿದ್ದು, ಚಿಲಕದ ಕಡೆ ಬಾಗಿಲು ಉಜ್ಜುತ್ತದೆ. ಜುಲೈ ಮಳೆಗೆ ಮರ ಉಬ್ಬಿದ ಮೇಲೆ ಮುಚ್ಚುವುದೇ ಇಲ್ಲ.

ಕೆತ್ತುವ ಕ್ರಮವನ್ನೂ ನೀವು ಬಿಟ್ಟಿದ್ದೀರಿ. ಗೂಡಿನ ಮೇಲಿನ, ಕೆಳಗಿನ ಗೆರೆಗಳನ್ನು ಪೆನ್ಸಿಲ್ಲಿನಿಂದ ಎಳೆದರೆ ಉಳಿ ನಿಲ್ಲಲು ಗೀರು ಸಿಗುವುದಿಲ್ಲ, ಚಾಕುವೇ ಬೇಕು. ನಡುವೆ 5–6 ಮಿ.ಮೀ.ಗೆ ಒಂದರಂತೆ ಮರದ ಎಳೆಗೆ ಅಡ್ಡವಾಗಿ ಉಳಿಯೇಟು ಹಾಕಬೇಕು, ಆಳದ ಗೀರು ಮುಟ್ಟುವ ಮುಂಚೆಯೇ ನಿಲ್ಲಿಸಬೇಕು. ಆಮೇಲೆ ಉಳಿಯ ಚಪ್ಪಟೆ ಬೆನ್ನು ಕೆಳಗೆ ಮಾಡಿ, ತೆರೆದ ಬದಿಯಿಂದ ಕೈಯಲ್ಲೇ ತಳ್ಳಿ ಹೆರೆಯುವುದು. ಹಿಂಬದಿಯ ಉದ್ದ ಗೆರೆಗೆ ಕೊಡತಿಯಿಂದ ಜೋರಾಗಿ ಹೊಡೆದರೆ ಎಳೆಯ ಗುಂಟ ಮರ ಸೀಳುತ್ತದೆ. ಅಲ್ಲಿ ಉಳಿದಿರುವ ಮರ ತೆಳು.

ಎರಡನೆಯ ವಾಕ್ಯ: “ಕೊನೆಗೆ ಹಿತ್ತಾಳೆ ಸ್ಕ್ರೂ ಬಿಗಿದರೆ ಮುಗಿಯಿತು.” ಮತ್ತಿಯ ಬಾಗಿಲು ಎಂದು ನೀವೇ ಬರೆದಿದ್ದೀರಿ. ಅಂಥ ಗಟ್ಟಿ ಮರಕ್ಕೆ ಹಿತ್ತಾಳೆಯನ್ನು ನೇರವಾಗಿ ತಿರುಗಿಸಿದರೆ ಕುತ್ತಿಗೆ ಮುರಿಯುತ್ತದೆ, ಅರ್ಧ ಸ್ಕ್ರೂ ಒಳಗೇ ಉಳಿಯುತ್ತದೆ. 8ನೇ ನಂಬರಿನ ಸ್ಕ್ರೂಗೆ ಬೈರಿಗೆಯಲ್ಲಿ ಸುಮಾರು 3 ಮಿ.ಮೀ. ತೂತು ಕೊರೆಯಬೇಕು. ಅದೂ ಪಟ್ಟಿಯ ಕಣ್ಣಿನ ನಟ್ಟನಡುವೆ ಅಲ್ಲ, ಕೂದಲೆಳೆಯಷ್ಟು ಹಿಂಬದಿಗೆ. ಆಗ ಸ್ಕ್ರೂ ಬಿಗಿಯುತ್ತಾ ಪಟ್ಟಿಯನ್ನು ಗೂಡಿನ ಗೋಡೆಗೆ ಎಳೆದು ಕೂರಿಸುತ್ತದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ದಾರಿ ಮಾಡಿಕೊಂಡು, ತೆಗೆದು, ಹಿತ್ತಾಳೆಗೆ ಮೇಣ ಸವರಿ ಹಾಕುವುದು. ಉಕ್ಕನ್ನೇ ಬಿಡಬಾರದೇ ಎಂದು ಶಿರಸಿಯಲ್ಲಿ ಕೇಳಬಹುದು. ಕಾರವಾರದ ಉಪ್ಪುಗಾಳಿಗೆ ಅದು ತುಕ್ಕು ಹಿಡಿಯುತ್ತದೆ, ತಲೆಯ ಸೀಳೇ ಸವೆದು ಹೋಗಿ ಬಿಚ್ಚಲು ಬರುವುದಿಲ್ಲ.

ಉಳಿದದ್ದನ್ನು ನಾನು ಮುಟ್ಟಿಲ್ಲ. ಅಜ್ಜ ಕೂರಿಸಿದ ಒಂದು ಬಾಗಿಲನ್ನು ಹತ್ತಿರದಿಂದ ನೋಡಿ ಬನ್ನಿ. ಗೇಜಿನ ಗೀರು ಸಾಮಾನ್ಯವಾಗಿ ಪಟ್ಟಿಯ ಮೂಲೆ ದಾಟಿ ತುಸು ಮುಂದೆ ಹೋಗಿರುತ್ತದೆ. ಬಣ್ಣ ಬಳಿಯದ ಬಾಗಿಲಾದರೆ ಬಿಚ್ಚದೆಯೂ ಕಾಣುತ್ತದೆ. ಆ ಗೀರು ಕಂಡರೆ ‘ಕಣ್ಣಂದಾಜು’ ತೆಗೆದು, ಗೇಜಿನ ಬಗ್ಗೆ ಒಂದು ಪುಟ ಸೇರಿಸಿ ಮತ್ತೆ ಕಳಿಸಿ. ಪ್ರಕಟಿಸುತ್ತೇನೆ.