ಮ್ಯಾಟರ್‌ಹಾರ್ನ್ ಸ್ವಿಟ್ಜರ್ಲೆಂಡಿನದೋ, ಇಟಲಿಯದೋ?

ಸ್ವಿಸ್ ಚಾಕೊಲೇಟ್ ಪೊಟ್ಟಣದ ಮೇಲೆ ಕಂಡ ಬೆಟ್ಟವನ್ನು ಇಟಲಿಯವರೂ ತಮ್ಮದೆನ್ನುತ್ತಾರಲ್ಲ, ತುದಿ ಯಾರ ಪಾಲಿಗೆ ಎಂದು ಕೇಳಿದ್ದೀರಿ. ತುದಿ ಇಬ್ಬರದೂ ಹೌದು. ಬೆಟ್ಟ ಮಾತ್ರ ಸರಿಪಾಲಾಗಿಲ್ಲ.

4,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ನಾಲ್ಕು ಏಣುಗಳು, ಅಂದರೆ ಬುಡದಿಂದ ನೆತ್ತಿಗೆ ಏರುವ ಚೂಪು ಅಂಚುಗಳು. ಅವುಗಳ ನಡುವೆ ಹೆಚ್ಚುಕಡಿಮೆ ನಾಲ್ಕು ದಿಕ್ಕಿಗೆ ತಿರುಗಿ ನಿಂತ ನಾಲ್ಕು ಮುಖಗಳು. ಗಡಿರೇಖೆ ಆಗ್ನೇಯದ ಫುರ್ಗೆನ್ ಏಣಿನ ಮೇಲೆ ಹತ್ತಿ, ನೆತ್ತಿಯನ್ನು ಹಾದು, ನೈಋತ್ಯದ ಲಯನ್ ಏಣಿನಲ್ಲಿ ಇಳಿಯುತ್ತದೆ. ಹಾಗಾಗಿ ದಕ್ಷಿಣದ ಮುಖವೊಂದೇ ಇಟಲಿಗೆ, ಉಳಿದ ಮೂರೂ ಸ್ವಿಟ್ಜರ್ಲೆಂಡಿಗೆ. ಚಿತ್ರಗಳಲ್ಲಿ ಕಾಣುವ ಆ ಚೂಪು ಪಿರಮಿಡ್ಡು ಝೆರ್ಮಾಟ್ ಊರಿನಿಂದ ಕಾಣುವ ಪೂರ್ವ ಮತ್ತು ಉತ್ತರದ ಮುಖ. ಇಟಲಿಯ ಬ್ರೊಯಿಲ್-ಚೆರ್ವಿನಿಯಾದಿಂದ ನೋಡಿದರೆ ಅದೇ ಬೆಟ್ಟ ಅಗಲ ಭುಜದ ಜಟ್ಟಿಯಂತಿದೆ. ಅಲ್ಲಿ ನಾನು "ಮ್ಯಾಟರ್‌ಹಾರ್ನ್ ಎಲ್ಲಿ?" ಎಂದು ಕೇಳಿ ನಗೆಪಾಟಲಾದೆ, ಕೇಳುವಾಗ ಅದರ ಬುಡದಲ್ಲೇ ನಿಂತಿದ್ದೆ. ಅವರಿಗೆ ಅದು ಚೆರ್ವಿನೊ.

ನೆತ್ತಿಯೂ ದೂರದಿಂದ ಕಾಣುವಂತೆ ಒಂದು ಮೊನೆಯಲ್ಲ, ಸುಮಾರು ನೂರು ಮೀಟರ್ ಉದ್ದದ ಕಿರಿದಾದ ಬೆನ್ನು. ಪೂರ್ವದ ಕೊನೆಗೆ ಸ್ವಿಸ್ ಶಿಖರವೆಂದೂ ಪಶ್ಚಿಮದ ಕೊನೆಗೆ ಇಟಲಿಯ ಶಿಖರವೆಂದೂ ಹೆಸರು. ಎರಡನೆಯದು ಕೂದಲೆಳೆಯಷ್ಟು ತಗ್ಗು. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್‌ನ ತಂಡ ಝೆರ್ಮಾಟ್ ಕಡೆಯಿಂದ ಮೊದಲು ಮೇಲೇರಿದಾಗ, ಇಟಲಿ ಕಡೆಯಿಂದ ಹೊರಟಿದ್ದ ಜೀನ್-ಆಂಟೊಯಿನ್ ಕಾರೆಲ್ ತಮಗಿಂತ ಮುಂಚೆ ಬಂದುಹೋದನೇ ಎಂದು ತಿಳಿಯಲು ಆ ಬೆನ್ನಿನ ಇನ್ನೊಂದು ಕೊನೆಯವರೆಗೆ ನಡೆದು ಹಿಮದಲ್ಲಿ ಹೆಜ್ಜೆಗುರುತು ಹುಡುಕಬೇಕಾಯಿತು. ಹೆಜ್ಜೆ ಇರಲಿಲ್ಲ, ಕಾರೆಲ್‌ನ ಜನ ಇನ್ನೂ ಕೆಳಗಿನ ಏಣಿನ ಮೇಲಿದ್ದರು. ಇಳಿಯುವಾಗ ಹಗ್ಗ ತುಂಡಾಗಿ ವಿಂಪರ್‌ನ ಏಳು ಜನರಲ್ಲಿ ನಾಲ್ವರು ಸತ್ತರು. ಮೂರು ದಿನಗಳ ನಂತರ ಕಾರೆಲ್ ಕೂಡ ತುದಿ ಮುಟ್ಟಿದ.

ಗಡಿ ಅಲ್ಲೇ ಏಕೆ ಎಂದರೆ, ನೀರು ಇಬ್ಭಾಗವಾಗುವುದು ಅಲ್ಲಿ. ಉತ್ತರಕ್ಕೆ ಕರಗಿದ ಹಿಮ ವಿಸ್ಪಾ ಹೊಳೆಯ ಮೂಲಕ ರೋನ್ ನದಿಗೆ, ದಕ್ಷಿಣಕ್ಕೆ ಕರಗಿದ್ದು ಮಾರ್ಮೋರೆ, ದೋರಾ ಬಾಲ್ತಿಯಾ ದಾಟಿ ಪೋ ನದಿಗೆ. ಒಂದು ಫ್ರಾನ್ಸ್ ಸುತ್ತಿ ಮೆಡಿಟರೇನಿಯನ್ ಸೇರಿದರೆ, ಇನ್ನೊಂದು ಏಡ್ರಿಯಾಟಿಕ್ ಸೇರುತ್ತದೆ. ಏಡ್ರಿಯಾಟಿಕ್ ಕೂಡ ಮೆಡಿಟರೇನಿಯನ್ನಿನ ಒಂದು ತೋಳೇ ಆದ್ದರಿಂದ, ಇಷ್ಟೆಲ್ಲ ಪಾಲು ಮಾಡಿಕೊಂಡ ನೀರು ಕಡೆಗೆ ಒಂದೇ ಕಡಲಿಗೆ!

ಬಂಡೆಯ ಏಣಿನ ಮೇಲೆ ಈ ಲೆಕ್ಕ ಗಟ್ಟಿ. ಪಕ್ಕದ ಥಿಯೋಡುಲ್ ಹಿಮನದಿಯಲ್ಲಿ ಹಾಗಲ್ಲ. ಅಲ್ಲಿ ನೀರನ್ನು ಇಬ್ಭಾಗಿಸುವುದು ಮಂಜುಗಡ್ಡೆಯ ದಿಬ್ಬ, ಅದು ಕರಗಿದಂತೆ ಗಡಿಯೂ ಸರಿಯುತ್ತದೆ. ಟೆಸ್ಟಾ ಗ್ರಿಜಿಯಾದ ಬಳಿ ಇಟಲಿಯವರ ಪರ್ವತ ತಂಗುದಾಣವೊಂದರ ಅಡಿಯಲ್ಲೇ ಗಡಿ ತೂರಿ ಬಂದು, ಅದು ಯಾವ ದೇಶದ ಕಟ್ಟಡ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಎರಡೂ ದೇಶಗಳು 2023ರಲ್ಲಿ ಹೊಸ ಗೆರೆಗೆ ಒಪ್ಪಿದವು. 2024ರ ಸೆಪ್ಟೆಂಬರಿನಲ್ಲಿ ಸ್ವಿಸ್ ಸರ್ಕಾರ ಅದನ್ನು ಅಂಗೀಕರಿಸಿತು.

ಕಲ್ಲಿನ ಮೂಲ ಕೇಳಿದರೆ ಇಬ್ಬರ ಹಕ್ಕೂ ಸಡಿಲ. ಬುಡದಲ್ಲಿರುವುದು ಟೆಥಿಸ್ ಎಂಬ ಅಳಿದ ಕಡಲಿನ ತಳ, ಅದರ ಮೇಲೆ ಹೇರಿಕೊಂಡು ನಿಂತ ಶಿಖರದ, 'ನೈಸ್' (gneiss) ಎಂಬ ಜಾತಿಯ ಶಿಲೆ ಆಫ್ರಿಕಾ ಕಡೆಯ ಭೂಫಲಕದ್ದು. ಅಂದಹಾಗೆ, ಆ ಚಾಕೊಲೇಟಿನ ತಯಾರಿಕೆಯಲ್ಲಿ ಒಂದು ಪಾಲು ಸ್ಲೊವಾಕಿಯಾಕ್ಕೆ ಹೋಗಿ, ಸ್ವಿಸ್ ಗುರುತು ಬಳಸುವ ಹಕ್ಕು ಇಲ್ಲದಾದದ್ದರಿಂದ 2023ರಲ್ಲಿ ಪೊಟ್ಟಣದಿಂದ ಈ ಬೆಟ್ಟವನ್ನು ಕೈಬಿಡುವುದಾಗಿ ಕಂಪನಿ ಹೇಳಿತು. ನಿಮ್ಮ ಬಳಿ ಇರುವುದು ಹಳೆಯ ಪೊಟ್ಟಣವಿರಬೇಕು.