ಸಿಹಿಯಾದ ಮಾತ್ರಕ್ಕೆ ನೀರು ಶುದ್ಧವೇ?

ಪಾವಗಡದಿಂದ ಬರೆದಿರುವ ನಿವೃತ್ತ ಶಿಕ್ಷಕರಿಗೆ ನಮಸ್ಕಾರ. ಮೊಮ್ಮಗಳ ಹಲ್ಲಿನ ಮೇಲೆ ಬಿಳಿ ಗೆರೆಗಳು ಕಾಣಿಸಿಕೊಂಡಿವೆ, ಮನೆಯವರು ಕೊಳವೆಬಾವಿಯ ನೀರನ್ನು ಕುದಿಸಿ ಅಡುಗೆಗೆ ಬಳಸುತ್ತಾರೆ, ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೀರಿ, ಆ ನೀರು ಸಿಹಿಯಾಗಿದೆ, ಕರಗಿದ ಲವಣಗಳನ್ನು ಅಂದಾಜಿಸುವ ಟಿಡಿಎಸ್ ಮೀಟರ್ 80 ತೋರಿಸುತ್ತದೆ. ಇಷ್ಟು ಸಾಲದೇ ಎಂದು ಕೇಳಿದ್ದೀರಿ. ಸಾಲದು.

ಇಂಥ ಗೆರೆಗಳಿಗೆ ನೀರಿನಲ್ಲಿ ಹೆಚ್ಚಾದ ಫ್ಲೋರೈಡ್ ಕಾರಣವಾಗಿರಬಹುದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ನೀರಿನಲ್ಲಿ ಇರುವ ಪ್ರಮಾಣದಲ್ಲಿ ಅದು ನಾಲಿಗೆಗೂ ತಿಳಿಯುವುದಿಲ್ಲ. ನಿಮ್ಮ ಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕ ಬ್ಯೂರೊ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿಯೆಂದೂ, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದೆಂದೂ ನಿಗದಿಪಡಿಸಿದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ತುಸು ಹೆಚ್ಚುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಕ್ಯಾನ್ ನೀರಲ್ಲ, ಅಡುಗೆಯ ನೀರು. ಅನ್ನ, ಸಾರು, ಮುದ್ದೆ, ಚಹಾ ಎಲ್ಲವೂ ಕೊಳವೆಬಾವಿಯ ನೀರಿನಲ್ಲೇ ಆಗುತ್ತಿದ್ದರೆ, ಕುಡಿಯುವಾಗ ತಪ್ಪಿಸಿದ್ದರಲ್ಲಿ ಒಂದಷ್ಟು ಪಾಲು ಊಟದ ಮೂಲಕ ಮತ್ತೆ ಹೊಟ್ಟೆ ಸೇರುತ್ತದೆ. ಕ್ಯಾನಿಗೆ ದುಡ್ಡು ಕೊಡಬೇಕಾದ್ದರಿಂದ ಹೀಗೆ ನೀರನ್ನು ಎರಡು ಬಗೆ ಮಾಡಿಕೊಳ್ಳುವುದು ಸಹಜವೇ ಆದರೂ, ಹಲ್ಲು ರೂಪುಗೊಳ್ಳುವ ವಯಸ್ಸಿನ, ಅಂದರೆ ಸುಮಾರು ಎಂಟು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಪಾತ್ರೆ ತೊಳೆಯಲು, ಸ್ನಾನಕ್ಕೆ ಕೊಳವೆಬಾವಿಯ ನೀರಿರಲಿ, ಒಲೆಯ ಮೇಲಿಡುವುದಕ್ಕೆ ಬೇಡ. ಬಿಳಿ ಗೆರೆಗಳಿಗೆ ಬೇರೆ ಕಾರಣಗಳೂ ಇರುವುದರಿಂದ ದಂತವೈದ್ಯರಿಗೆ ಒಮ್ಮೆ ತೋರಿಸಿ.

ಇನ್ನು ಮೀಟರಿನ ಮಾತು. ಅದು ನೀರಿನ ವಿದ್ಯುದ್ವಾಹಕತೆಯನ್ನು ಅಳೆದು ಕರಗಿದ ಲವಣಗಳ ಒಟ್ಟು ಅಂದಾಜನ್ನು ಹೇಳುತ್ತದೆಯೇ ಹೊರತು, ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳಲಾರದು. ಘಟಕಕ್ಕೆ ಹೋಗುವ ನೀರಿನಲ್ಲಿ 1000 ಇದ್ದು ಹೊರಬರುವಾಗ 80 ಆಗಿದ್ದರೆ ಲವಣಗಳನ್ನು ಸೋಸುವ ತೆಳುಪೊರೆಯಾದ ಮೆಂಬರೇನ್ ಕೆಲಸ ಮಾಡುತ್ತಿದೆ, ಫ್ಲೋರೈಡೂ ಬಹುಮಟ್ಟಿಗೆ ಇಳಿದಿರುತ್ತದೆ ಎಂದು ಊಹಿಸಬಹುದು. ಮೆಂಬರೇನ್ ಹಳತಾದಂತೆ ಈ ಊಹೆಯ ಬಲ ಕುಗ್ಗುತ್ತದೆ. ಅದನ್ನು ಕೊನೆಯ ಬಾರಿ ಯಾವಾಗ ಬದಲಿಸಿದರು, ನೀರಿನ ಪರೀಕ್ಷೆ ಯಾವಾಗ ಆಯಿತು ಎಂದು ಪುರಸಭೆಯನ್ನು ಕೇಳುವ ಹಕ್ಕು ನಿಮಗಿದೆ. ಬಾಯಿಮಾತಿನ ಭರವಸೆ ಸಿಕ್ಕರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.

ರೋಗಾಣುಗಳ ವಿಚಾರ ಬೇರೆಯೇ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಸತ್ತದ್ದನ್ನು ನೀವೂ ಓದಿರುತ್ತೀರಿ. ಘಟಕದ ನೀರು ಚೆನ್ನಾಗಿದ್ದರೂ ತಿಂಗಳುಗಟ್ಟಲೆ ಉಜ್ಜದ ಕ್ಯಾನ್ ಅದನ್ನು ಕೆಡಿಸಬಲ್ಲದು, ಏಕೆಂದರೆ ಆ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಉಳಿದಿರುವುದಿಲ್ಲ.

ಪರೀಕ್ಷೆಗೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯವನ್ನು ವಿಚಾರಿಸಿ. ಫ್ಲೋರೈಡ್ ಪರೀಕ್ಷೆಗೆ ಎರಡು ಸ್ವಚ್ಛ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಕೊಳವೆಬಾವಿಯ ನೀರನ್ನೂ ಘಟಕದ ನೀರನ್ನೂ ಬೇರೆಬೇರೆಯಾಗಿ ತುಂಬಿ, ಸ್ಥಳ ಮತ್ತು ದಿನಾಂಕ ಬರೆದು ಕೊಡಿ; ರೋಗಾಣು ಪರೀಕ್ಷೆಗೆ ಮಾತ್ರ ಮನೆಯ ಬಾಟಲಿ ನಡೆಯದು, ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿಯನ್ನು ಕೇಳಿ ಪಡೆಯಿರಿ.

— ಸಂಪಾದಕ