ನಾಲೆ ಮೇಲೋ, ಗದ್ದೆ ಮೇಲೋ?

ಪ್ರಶ್ನೆ: ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಉಪನಾಲೆ ಪಕ್ಕದಲ್ಲೇ ನಮ್ಮ ಕಬ್ಬಿನ ಗದ್ದೆ. ಆದರೂ ನೀರು ಹತ್ತುವುದಿಲ್ಲ. ಅಮೆರಿಕದವರ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಇಳಿಸಿಕೊಂಡು ನೋಡಿದರೆ ನಾಲೆ ನಮಗಿಂತ 4 ಮೀಟರ್ ಮೇಲಿದೆ. ಫೋನಿನ ಜಿಪಿಎಸ್ ಆ್ಯಪ್ ನೋಡಿದರೆ ಗದ್ದೆಯ ಎತ್ತರವೇ ಎಸ್‌ಆರ್‌ಟಿಎಂ ಹೇಳಿದ್ದಕ್ಕಿಂತ 90 ಮೀಟರಿನಷ್ಟು ಕಡಿಮೆ! ಯಾವುದನ್ನು ನಂಬಲಿ? ಜಿಯಾಲಜಿಕಲ್ ಸರ್ವೆಗೆ ಅರ್ಜಿ ಹಾಕಲಾ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ಅರ್ಜಿ ಬೇಡ ಸ್ವಾಮಿ. ಜಿಯಾಲಜಿಕಲ್ ಸರ್ವೆಯವರದು ಕಲ್ಲು, ಖನಿಜದ ಕೆಲಸ. ದೇಶದ ಎತ್ತರ ಅಳೆಯುವುದು ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾ. 1767ರಲ್ಲಿ ಶುರುವಾದ ಇಲಾಖೆ ಅದು. ಅವರ 1:50,000 ಟೊಪೊಶೀಟಿನಲ್ಲೂ (ನೆಲದ ಏರಿಳಿತದ ನಕ್ಷೆ) ಎತ್ತರದ ಗೆರೆ ಇರುವುದು 20 ಮೀಟರಿಗೊಂದು. ನಿಮ್ಮ ಬದುವಿನ ಜಗಳ ಅದರಲ್ಲಿ ತೀರುವುದಿಲ್ಲ.

ಎಸ್‌ಆರ್‌ಟಿಎಂ ಅಂದರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಲ್ಲಿ ಅಳೆದದ್ದು. ನಿಮಗೆ ಸಿಕ್ಕಿದ್ದು 30 ಮೀಟರ್ ಚೌಕದ್ದಿರಬೇಕು. ಒಂದು ಚೌಕ ಅಂದರೆ ಸುಮಾರು 9 ಗುಂಟೆ. ಅಷ್ಟಕ್ಕೂ ಸೇರಿ ಒಂದೇ ಅಂಕಿ! ನಾಲೆ, ಏರಿ, ಏರಿ ಮೇಲಿನ ತೆಂಗಿನಮರ ಎಲ್ಲ ಅದರಲ್ಲೇ ಕಲಸಿಹೋಗಿರುತ್ತವೆ. ರೇಡಾರ್ ಗರಿಗೂ ತಾಗಿ ವಾಪಸ್ ಬರುತ್ತದೆ, ಬರೀ ನೆಲಕ್ಕಲ್ಲ. ಹಾಗಾಗಿ ತೆಂಗಿನ ಸಾಲಿದ್ದ ಕಡೆ ನಾಲೆ ಸುಮ್ನೆ ಎದ್ದು ಕಾಣುತ್ತದೆ. ನಿಮ್ಮ 4 ಮೀಟರಿನಲ್ಲಿ ತೆಂಗಿನ ಪಾಲೆಷ್ಟು, ಹೇಳಿ ನೋಡೋಣ! ಎಸ್‌ಆರ್‌ಟಿಎಂ ಮಾಡುವಾಗ ಇಟ್ಟುಕೊಂಡ ಗುರಿಯೇ 16 ಮೀಟರ್ ಒಳಗಿನ ತಪ್ಪು. ಬಹಳ ಕಡೆ ಅದಕ್ಕಿಂತ ಚೆನ್ನಾಗೇ ಬಂದಿದೆ, ಆದರೆ ತೂಬು ಇಡುವಷ್ಟಲ್ಲ. ಇಸ್ರೋದ ಭುವನ್ ಜಾಲತಾಣದಲ್ಲಿ ಪುಕ್ಕಟೆ ಸಿಗುವ ಕಾರ್ಟೊಡೆಮ್ ಎಂಬ ಎತ್ತರದ ಮಾಹಿತಿ ಕೂಡ 30 ಮೀಟರ್ ಚೌಕದ್ದೇ.

ಫೋನು ಸುಳ್ಳು ಹೇಳುತ್ತಿಲ್ಲ. ಎಷ್ಟೋ ಆ್ಯಪ್‌ಗಳು ಸಮುದ್ರಮಟ್ಟ ಬಿಟ್ಟು, ಲೆಕ್ಕಕ್ಕೆಂದು ಊಹಿಸಿಕೊಂಡ ನುಣುಪಾದ ಭೂಮಿಯಿಂದ ಎತ್ತರ ಹೇಳುತ್ತವೆ. ನಮ್ಮ ಕಡೆ ಇವೆರಡರ ನಡುವೆ 90 ಮೀಟರ್ ಆಸುಪಾಸು ಅಂತರವಿದೆ. ಎಲ್ಲಿಂದ ಎಣಿಸಿದರು ಅನ್ನುವುದೇ ಮುಖ್ಯ, ಅಲ್ವಾ? ಕೆಆರ್‌ಎಸ್ 124.80 ಅಡಿ ತುಂಬಿತು ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದೂ ಸಮುದ್ರದಿಂದ ಎಣಿಸಿದ್ದಲ್ಲ, ಕಟ್ಟೆಯ ಬುಡದಿಂದ.

ಮಟ್ಟ ನೋಡುವ ದುರ್ಬೀನು, ಡಂಪಿ ಲೆವೆಲ್, ಹೊತ್ತು ನಾಲೆ ಏರಿ ತುಳಿದವನು ನಾನು. ನನ್ನ ಮಾತು ಕೇಳಿ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಪಾರದರ್ಶಕ ಟ್ಯೂಬ್ ಇರುತ್ತದೆ. ಕಬ್ಬು ಕಡಿದ ಮೇಲೆ, ನಾಲೆಯಲ್ಲಿ ನೀರು ಬಿಟ್ಟಾಗ, ತೂಬಿನ ಹತ್ತಿರ ನೀರಿನ ಮಟ್ಟಕ್ಕೆ ಗುರುತು ಹಾಕಿ. ಅಲ್ಲಿಂದ ಆ ಟ್ಯೂಬ್ ಹಿಡಿದು, ಗೂಟ ನೆಡುತ್ತಾ ಆ ಮಟ್ಟವನ್ನು ಗದ್ದೆವರೆಗೆ ತನ್ನಿ. ಟ್ಯೂಬಿನೊಳಗೆ ಗಾಳಿಗುಳ್ಳೆ ನಿಲ್ಲದಂತೆ ನೋಡಿಕೊಳ್ಳಿ, ನಿಂತರೆ ಲೆಕ್ಕವೆಲ್ಲ ಕೆಡುತ್ತದೆ. ಗದ್ದೆಯೇ ಮೇಲಿದ್ದರೆ ಮಟ್ಟ ಮಾಡಿಸಬೇಕು, ಇಲ್ಲವೇ ಮೋಟಾರ್ ಇಡಬೇಕು. ಗದ್ದೆ ತಗ್ಗಿದ್ದೂ ನೀರು ಬರದಿದ್ದರೆ ಹೊಲಗಾಲುವೆಯ ಹೂಳು ತೆಗೆಸಿ.